ಆಯ್ದಕ್ಕಿಯ ಅಳತೆಯೂ ಕಪ್ಪತಗುಡ್ಡವೂ

ಸದ್ಭಕ್ತನಾದವನು ಪ್ರಾತಃಕಾಲದಲ್ಲೆದ್ದು ಮಿಂದು ಮಡಿಯುಟ್ಟು, ಹಣೆಗೆ ವಿಭೂತಿಯನ್ನು ಧರಿಸಿ, ಕೊರಳಿಗೆ ರುದ್ರಾಕ್ಷಿಯನ್ನಿಟ್ಟು, ಕರಸ್ಥಲದ ಲಿಂಗಕ್ಕೆ ಅಗ್ಘವಣಿಯನ್ನೆರೆದು, ಪತ್ರೆ ಪುಷ್ಪಗಳನ್ನೇರಿಸಿ ಪೂಜೆಗೆ ಕುಳ್ಳಿರುತ್ತಾನೆ. ಈ ಪೂಜಾದ್ರವ್ಯಗಳು ತನ್ನ ಕೈಗೆ ಎಲ್ಲಿಂದ ಬಂದವೆಂಬುದನ್ನು ಆತನು ಒಂದು ಕ್ಷಣವಾದರೂ ವಿಚಾರಿಸುವನೇ? ಬೆಟ್ಟದ ಮೇಲೆ ಬಿದ್ದ ಮಳೆಯು ಹುಲ್ಲಿನ ಬೇರಿನಲ್ಲಿ ತಂಗಿ, ಕಲ್ಲಿನ ಸಂದಿನಲ್ಲಿ ಇಳಿದು, ಬಾವಿಯಲ್ಲಿ ಉಕ್ಕಿದಾಗ ಅದು ಅಗ್ಘವಣಿಯಾಯಿತು. ಬಿಲ್ವವೃಕ್ಷವು ಚಿಗುರಿದಾಗ ಪತ್ರೆಯಾಯಿತು. ಅಡವಿಯ ಹುಲ್ಲನ್ನು ಮೇದ ಗೋವಿನ ಸಗಣಿಯು ಬೆಂದಾಗ ವಿಭೂತಿಯಾಯಿತು. ವನದ ಮರವೊಂದರ ಬೀಜವೇ ರುದ್ರಾಕ್ಷಿಯಾಯಿತು. ಅಷ್ಟಾವರಣಗಳಲ್ಲಿ ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿಗಳೆಂಬ ನಾಲ್ಕು ಆವರಣಗಳ ದ್ರವ್ಯವು ಭೂಮಿಯ ಒಡಲಿನಿಂದಲೂ ಅರಣ್ಯದ ಮಡಿಲಿನಿಂದಲೂ ಬಂದುದಾಗಿದೆ. ಹೀಗಿರುವಲ್ಲಿ ಮನೆಯೊಳಗೆ ಪೂಜೆಯನ್ನು ಮಾಡಿ, ಮನೆಯ ಹೊರಗೆ ಪೂಜಾದ್ರವ್ಯದ ಮೂಲವನ್ನೇ ಕೆಡಿಸುವವನ ಭಕ್ತಿಯು, ಬುಡಕ್ಕೆ ಕೊಡಲಿಯನ್ನಿಟ್ಟು ತುದಿಗೆ ನೀರೆರೆದಂತಾಗುವುದಲ್ಲದೆ ಮತ್ತೇನಾದೀತು?

ಈ ವಿಚಾರವನ್ನು ಮನಗಾಣಲು ಶರಣರ ಚರಿತ್ರೆಯಲ್ಲಿ ಒಂದು ಉಜ್ವಲವಾದ ಪ್ರಸಂಗವಿದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ಮನೆಗೆ ತಂದರು. ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಈ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಕ್ಕಿದ್ದು ತಮ್ಮದಲ್ಲವೆಂದು ತಿಳಿಯಹೇಳಿ, ಹೆಚ್ಚಿನದನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿಯನ್ನು ಅವರು ಕದ್ದುದಲ್ಲ, ಯಾರಿಂದಲೂ ಕಸಿದುದಲ್ಲ. ಆದರೂ ಅದು ದೋಷವೆನಿಸಿತು. ಏಕೆಂದರೆ ಅಗತ್ಯವನ್ನು ಮೀರಿ ತೆಗೆದುಕೊಂಡ ಹಿಡಿಯಲ್ಲಿ ಇನ್ನೊಬ್ಬರ ಪಾಲು ಸೇರಿರುತ್ತದೆ. ಇದು ಶರಣರು ಜಗತ್ತಿಗೆ ಕೊಟ್ಟ ಅಳತೆಗೋಲು. ಈ ಅಳತೆಯು ಅಕ್ಕಿಗೆ ಸಲ್ಲುವಂತೆ ನೀರಿಗೂ ಸಲ್ಲುತ್ತದೆ, ಮರಕ್ಕೂ ಸಲ್ಲುತ್ತದೆ, ಬೆಟ್ಟಕ್ಕೂ ಸಲ್ಲುತ್ತದೆ.

ಬೆಟ್ಟದ ಮಾತು ಬಂದಾಗ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ಸ್ಮರಿಸದೆ ಮುಂದುವರಿಯಲಾಗದು. ಗದಗಿನ ಸಮೀಪದಿಂದ ಆರಂಭವಾಗಿ, ಡೋಣಿ ಡಂಬಳಗಳ ಸೀಮೆಯನ್ನು ಹಾದು, ತುಂಗಭದ್ರೆಯ ದಡದ ಶಿಂಗಟಾಲೂರಿನ ಕಡೆಗೆ ಸಾಗುವ ಈ ಗಿರಿಶ್ರೇಣಿಯು ಮಳೆ ಕಡಿಮೆಯಾದ ಎರೆಯ ನಾಡಿನ ನಡುವೆ ಹಸುರಿನ ಪಟ್ಟಿಯಂತೆ ಮಲಗಿದೆ. ನೆತ್ತಿಯ ಮೇಲೆ ಕಪ್ಪತಮಲ್ಲೇಶ್ವರನ ಸನ್ನಿಧಿ. ತಪ್ಪಲಿನಲ್ಲಿ ನಂದಿವೇರಿ ಮಠ. ನೆಲ್ಲಿ, ಅಮೃತಬಳ್ಳಿ ಮೊದಲಾದ ನೂರಾರು ಬಗೆಯ ಔಷಧಿಸಸ್ಯಗಳು ಅಲ್ಲಿ ತಾವಾಗಿಯೇ ಬೆಳೆಯುವುದರಿಂದ ನಾಡವೈದ್ಯರಿಗೆ ಅದು ಬೀಗವಿಲ್ಲದ ಭಂಡಾರವಾಗಿದೆ. ಕತ್ತೆಕಿರುಬ, ತೋಳ, ನರಿ, ಚಿರತೆ, ನವಿಲುಗಳಿಗೆ ಅದು ಮನೆಯಾಗಿದೆ. ಅಲ್ಲಿಯ ಕಾಡು ಮಲೆನಾಡಿನಂತೆ ಮುಗಿಲು ಮುಟ್ಟುವ ಕಾಡಲ್ಲ. ಕುರುಚಲು ಗಿಡ ಮತ್ತು ಹುಲ್ಲಿನ ಕಾಡು. ನೋಡಿದವರು ಬರಡೆಂದು ಭ್ರಮಿಸಬಹುದು. ಪರಂತು ಆ ಹುಲ್ಲೇ ಬಿದ್ದ ಮಳೆಯ ವೇಗವನ್ನು ತಡೆದು ನೆಲಕ್ಕಿಳಿಸುತ್ತದೆ. ಆ ಕುರುಚಲೇ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಹುಲ್ಲು ಹೋದ ಬೆಟ್ಟದಿಂದ ನೀರಿನೊಡನೆ ಮಣ್ಣೂ ಹರಿದು ಬಂದು ಕೆರೆಗಳನ್ನು ತುಂಬುತ್ತದೆ. ಕೆರೆ ಹೂಳಿದ ಊರಿನಲ್ಲಿ ಬಾವಿ ಬತ್ತುತ್ತದೆ. ಬಾವಿ ಬತ್ತಿದ ಊರಿನಿಂದ ಮಕ್ಕಳು ದುಡಿಮೆಗಾಗಿ ಪರಸ್ಥಳಕ್ಕೆ ಗುಳೇ ಹೋಗುತ್ತಾರೆ.

ಈ ಬೆಟ್ಟದ ಒಡಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಚಿನ್ನದ ಅದಿರುಗಳಿರುವುದೇ ಅದಕ್ಕೆ ಗಂಡಾಂತರವಾಯಿತು. ತುಂಗಭದ್ರೆಯ ಆಚೆಯ ಬಳ್ಳಾರಿ ಸೀಮೆಯಲ್ಲಿ ಅಳತೆ ಮೀರಿ ಅದಿರನ್ನು ಬಗೆದುದರ ಫಲವನ್ನು ನಾಡೇ ಕಂಡಿತು. ಹೊಲಗಳು ಕೆಂಧೂಳಿನಲ್ಲಿ ಮುಳುಗಿದವು. ಕಡೆಗೆ 2011ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೇ ಅಲ್ಲಿಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಅದೇ ವರ್ಷ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯೊಂದಕ್ಕಾಗಿ ಮೂರು ಸಾವಿರ ಎಕರೆಗೂ ಮಿಕ್ಕಿದ ಸಾಗುವಳಿ ಭೂಮಿಯನ್ನು ವಶಪಡಿಸಿಕೊಳ್ಳುವ ಸಿದ್ಧತೆ ನಡೆಯಿತು. ಆಗ ಗದಗ-ಡಂಬಳ ತೋಂಟದಾರ್ಯ ಮಠದ ಲಿಂಗೈಕ್ಯ ಜಗದ್ಗುರು ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ರೈತರೊಡನೆ ಬೀದಿಗಿಳಿದರು. ಗದ್ದುಗೆಯ ಮೇಲೆ ಕುಳಿತು ಆಶೀರ್ವದಿಸುವುದಕ್ಕಷ್ಟೇ ಗುರುತ್ವವು ಮುಗಿಯುವುದಿಲ್ಲವೆಂಬುದನ್ನು ಅವರು ನಡೆದು ತೋರಿಸಿದರು. ಜನರ ಒಗ್ಗಟ್ಟಿಗೆ ಮಣಿದು ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು.

ಆ ಮಠದ ಹೆಸರಿನ ಅರ್ಥವನ್ನಾದರೂ ಇಲ್ಲಿ ನೆನೆಯಬೇಕು. ಮೂಲಪುರುಷರಾದ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟವೊಂದರಲ್ಲಿ ತಪೋನಿಷ್ಠರಾಗಿದ್ದುದರಿಂದ ತೋಂಟದ ಸಿದ್ಧಲಿಂಗರೆಂದು ವಿಖ್ಯಾತರಾದರು. ತೋಟವು ಯಾರ ಹೆಸರಿನ ಭಾಗವೇ ಆಗಿದೆಯೋ ಅವರ ಪರಂಪರೆಯು ನಾಡಿನ ಹಸುರಿಗಾಗಿ ನಿಂತುದು ಸಹಜವೇ ಆಗಿದೆ.

ಆದರೆ ಒಂದು ಜಯದಿಂದ ಬೆಟ್ಟವು ಉಳಿಯಲಿಲ್ಲ. 2015ರ ಡಿಸೆಂಬರಿನಲ್ಲಿ ಸರ್ಕಾರವು ಕಪ್ಪತಗುಡ್ಡದ ಹದಿನೇಳು ಸಾವಿರ ಹೆಕ್ಟೇರಿಗೂ ಹೆಚ್ಚಿನ ಅರಣ್ಯವನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ಒಂದು ವರ್ಷ ತುಂಬುವ ಮೊದಲೇ, 2016ರಲ್ಲಿ, ಆ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಆಗ ಗದಗ, ಮುಂಡರಗಿ, ಶಿರಹಟ್ಟಿಯಂತಹ ಊರುಗಳ ಶಿಕ್ಷಕರು, ರೈತರು, ವರ್ತಕರು, ತಾಯಂದಿರು, ವಿದ್ಯಾರ್ಥಿಗಳು ತಾವಾಗಿಯೇ ಎದ್ದು ನಿಂತರು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಮಹಾಸ್ವಾಮಿಗಳ ಮುಂದಾಳುತನದಲ್ಲಿ ಹಗಲೂ ರಾತ್ರಿಯೂ ಧರಣಿ ನಡೆಯಿತು. ನಂದಿವೇರಿ ಮಠದ ಶ್ರೀ ಶಿವಕುಮಾರ ಸ್ವಾಮಿಗಳು ಬೆಟ್ಟದ ಗಿಡಮೂಲಿಕೆಗಳ ಮಹತ್ವವನ್ನು ಜನರಿಗೆ ತಿಳಿಸುತ್ತ ಬಂದರು. ಯಾರಿಗೂ ಕೂಲಿಯಿಲ್ಲ, ಪದವಿಯಿಲ್ಲ. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಸಂರಕ್ಷಣೆಯ ಆಜ್ಞೆಯು ಮರಳಿ ಬಂದಿತು. 2018ರ ಅಕ್ಟೋಬರಿನಲ್ಲಿ ಮಹಾಸ್ವಾಮಿಗಳು ಲಿಂಗೈಕ್ಯರಾದರು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರುಗಳಷ್ಟು ಪ್ರದೇಶವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದನ್ನು ಕಣ್ಣಾರೆ ಕಾಣಲು ಅವರು ಇರಲಿಲ್ಲ. ಮರವನ್ನು ನೆಡುವವನು ಅದರ ನೆರಳಿನಲ್ಲಿ ಕುಳಿತುಕೊಳ್ಳಲೇಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಇಲ್ಲಿ ಗೃಹಸ್ಥನೊಬ್ಬನು ಕೇಳಬಹುದು: "ಅಯ್ಯಾ, ಬೆಟ್ಟವೇನೋ ಉಳಿಯಿತು, ಓದಿ ಮನೆಯಲ್ಲಿ ಕುಳಿತ ನನ್ನ ಮಗನಿಗೆ ಕೆಲಸವೆಲ್ಲಿ? ಕಾರ್ಖಾನೆ ಬಂದಿದ್ದರೆ ನಾಲ್ಕು ಮನೆಗಳ ಒಲೆ ಉರಿಯುತ್ತಿರಲಿಲ್ಲವೇ?" ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವುದು ಶರಣಧರ್ಮಕ್ಕೆ ಒಪ್ಪುವುದಿಲ್ಲ. ಕಾಯಕವಿಲ್ಲದ ಬದುಕನ್ನು ಶರಣರು ಎಂದೂ ಮೆಚ್ಚಿದವರಲ್ಲ. ಆದರೆ ಕಾಯಕಕ್ಕೂ ಒಂದು ಲಕ್ಷಣವಿದೆ. ಯಾವ ದುಡಿಮೆಯು ನಾಳೆಯ ದುಡಿಮೆಯ ಮೂಲವನ್ನು ನಾಶಮಾಡುವುದಿಲ್ಲವೋ ಅದು ಕಾಯಕ. ಅದಿರು ಒಂದು ಸಾರೆ ತೆಗೆದರೆ ಮತ್ತೆ ಬೆಳೆಯುವುದಿಲ್ಲ. ಅದು ಮುಗಿದ ದಿನ ಯಂತ್ರಗಳು ಹೊರಟುಹೋಗುತ್ತವೆ. ಕೆಲಸವೂ ಅವುಗಳ ಹಿಂದೆಯೇ ಹೋಗುತ್ತದೆ. ಗುಂಡಿಗಳು ಮಾತ್ರ ಉಳಿಯುತ್ತವೆ. ಜೋಳದ ಹೊಲವಾದರೋ ತಂದೆಗೆ ಅನ್ನವಿಕ್ಕಿದಂತೆ ಮಗನಿಗೂ ಮೊಮ್ಮಗನಿಗೂ ಅನ್ನವಿಕ್ಕುತ್ತದೆ. ಆದಕಾರಣ ಪ್ರಶ್ನೆಯು ಬೆಟ್ಟವೋ ಅನ್ನವೋ ಎಂಬುದಲ್ಲ. ಒಂದು ತಲೆಮಾರಿನ ಅನ್ನವೋ ಅನೇಕ ತಲೆಮಾರುಗಳ ಅನ್ನವೋ ಎಂಬುದೇ ಪ್ರಶ್ನೆ.

ಇನ್ನೊಂದು ಪ್ರಶ್ನೆಯು ಇದಕ್ಕಿಂತಲೂ ಕಠಿಣವಾದುದು. ಬೆಟ್ಟದ ತಪ್ಪಲಿನಲ್ಲಿ ಕುರಿ ಮೇಯಿಸಿ, ಒಣಸೌದೆಯನ್ನು ಆಯ್ದು, ಹಣ್ಣುಕಾಯಿಗಳನ್ನು ಮಾರಿ ಬದುಕುವ ಬಡವರ ಗತಿಯೇನು? ವನ್ಯಜೀವಿಧಾಮದ ಕಟ್ಟಳೆಗಳು ಗಣಿಯ ಯಂತ್ರವನ್ನು ತಡೆಯುವಂತೆಯೇ ಸೌದೆಯ ಹೊರೆಯನ್ನೂ ಕುರಿಯ ಹಿಂಡನ್ನೂ ಬಿಗಿಹಿಡಿಯುತ್ತವೆ. ಪೇಟೆಯಲ್ಲಿ ಕುಳಿತು ಕಾಡನ್ನು ಉಳಿಸಿರೆಂದು ಹೇಳುವುದು ಸುಲಭ; ಅದರ ಬೆಲೆಯನ್ನು ತೆರುವವನು ತಪ್ಪಲಿನ ಬಡವನಾಗಿರುತ್ತಾನೆ. ಸೌದೆಯ ಹೊರೆಯನ್ನು ಹೊತ್ತು ಮಾರಿದ ಮೋಳಿಗೆಯ ಮಾರಯ್ಯನವರನ್ನು ಪೂಜ್ಯರ ಸಾಲಿನಲ್ಲಿ ಕೂರಿಸಿದ ಧರ್ಮವು ಸೌದೆ ಆಯುವ ಬಡವಿಯನ್ನು ಕಳ್ಳಿಯೆಂದು ಕರೆಯಬಲ್ಲುದೇ? ಎಂದಿಗೂ ಇಲ್ಲ. ಆಕೆಯು ಆಯ್ದುಕೊಳ್ಳುವುದು ಲಕ್ಕಮ್ಮನವರ ಅಳತೆಯ ಅಕ್ಕಿಯನ್ನು. ಬೆಟ್ಟವನ್ನೇ ಬಗೆಯಹೊರಟವನು ಅಂಗಳದ ಕಣಜವನ್ನೇ ಬಯಸುವವನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದುದರಿಂದ ಬೆಟ್ಟವನ್ನು ಉಳಿಸಿದೆವೆಂದು ಹೆಮ್ಮೆಪಡುವ ಊರಿನವರಿಗೆ ಒಂದು ಋಣವಿದೆ. ಬೆಟ್ಟದ ಬಡವನು ಕಳೆದುಕೊಂಡುದನ್ನು ಬೇರೊಂದು ಬಗೆಯಿಂದ ತುಂಬಿಕೊಡುವುದು, ಆತನ ಮಾತನ್ನು ಅಧಿಕಾರಿಗಳ ಮುಂದೆ ಆಡುವುದು, ಆತನ ಹೊಲದಂಚಿನಲ್ಲಿ ಮೇವಿನ ಗಿಡವನ್ನು ಬೆಳೆಸಲು ನೆರವಾಗುವುದು ಆ ಋಣದ ತೀರುವಳಿಯಾಗಿದೆ. ಇದಕ್ಕೆ ದಾಸೋಹವೆಂದು ಹೆಸರು. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಎಲ್ಲ ಮನೆಗಳ ರೊಟ್ಟಿಗಳೂ ಒಂದೇ ರಾಶಿಯಲ್ಲಿ ಸೇರಿ ಎಲ್ಲರ ಪ್ರಸಾದವಾಗುವಂತೆ, ಬೆಟ್ಟದ ರಕ್ಷಣೆಯ ಭಾರವೂ ಎಲ್ಲರ ಹೆಗಲಿಗೆ ಸಮವಾಗಿ ಬರಬೇಕು.

ಕಡೆಯದಾಗಿ ಭಕ್ತರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಬೆಟ್ಟದ ವೈರಿಯು ಯಾವಾಗಲೂ ಹೊರಗಿನಿಂದಲೇ ಬರುವನೇ? ಬೇಸಗೆ ಬಂತೆಂದರೆ ಒಣಗಿದ ಹುಲ್ಲಿಗೆ ಬೆಂಕಿ ಬೀಳುತ್ತದೆ. ಅದು ಬಹುಮಟ್ಟಿಗೆ ಮನುಷ್ಯನ ಕೈಯಿಂದಲೇ ಬಿದ್ದ ಬೆಂಕಿ. ಹೊಸ ಹುಲ್ಲು ಬೇಗನೆ ಚಿಗುರಲೆಂದು ಒಬ್ಬನು ಹಚ್ಚುತ್ತಾನೆ. ಬೀಡಿಯ ತುಂಡನ್ನು ಇನ್ನೊಬ್ಬನು ಎಸೆಯುತ್ತಾನೆ. ನೆಲದಲ್ಲಿ ಮೊಟ್ಟೆಯಿಟ್ಟ ಹಕ್ಕಿ, ಆಗ ತಾನೇ ಎದ್ದ ಸಸಿ, ಮುಂದಿನ ಮಳೆಗಾಗಿ ಕಾದ ಬೀಜ ಎಲ್ಲವೂ ಬೂದಿಯಾಗುತ್ತವೆ. ಆ ಬೂದಿಯು ವಿಭೂತಿಯಲ್ಲ. ಶ್ರಾವಣದಲ್ಲಿ ಮಲ್ಲಯ್ಯನ ದರ್ಶನಕ್ಕೆಂದು ಗುಡ್ಡವನ್ನೇರಿದವರು ಪ್ಲಾಸ್ಟಿಕ್ ಚೀಲಗಳನ್ನು ಅಲ್ಲಿಯೇ ಬಿಟ್ಟಿಳಿದರೆ, ಅವರು ದೇವರಿಗೆ ಅರ್ಪಿಸಿದುದಾದರೂ ಏನು? ಅಕ್ಕಮಹಾದೇವಿಯವರು ತಮ್ಮ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ವನದಲ್ಲಿ ನಡೆದಾಗ ಗಿಳಿ ಕೋಗಿಲೆ ನವಿಲುಗಳನ್ನೇ ಬಂಧುಗಳಂತೆ ಮಾತನಾಡಿಸಿದರು. ಆ ಬಂಧುಗಳ ಮನೆಗೆ ಹೋಗಿ ಕಸವನ್ನು ಸುರಿದು ಬರುವುದು ಯಾವ ಯಾತ್ರೆ?

ಪಂಚಾಚಾರಗಳನ್ನು ಬಲ್ಲವರಿಗೆ ಮಾರ್ಗವು ತಾನೇ ಸ್ಪಷ್ಟವಾಗುತ್ತದೆ. ಲಿಂಗವನ್ನಲ್ಲದೆ ಅನ್ಯವನ್ನು ನಂಬದಿರುವುದು ಲಿಂಗಾಚಾರವಾದರೆ, ಹಣವನ್ನೇ ದೇವರೆಂದು ನಂಬಿ ನೆಲವನ್ನು ಮಾರದಿರುವುದು ಅದರೊಳಗೇ ಸೇರಿತು. ಸತ್ಯಶುದ್ಧವಾದ ಗಳಿಕೆಯಿಂದ ಬದುಕುವುದು ಸದಾಚಾರ. ಕುರಿಗಾಹಿ, ಕೂಲಿಕಾರ, ಕಾಡಂಚಿನ ತಾಂಡಾದವನು ಎಲ್ಲರನ್ನೂ ಭೇದವಿಲ್ಲದೆ ಕೂಡಿಸಿಕೊಂಡು ನಡೆಯುವುದು ಶಿವಾಚಾರ. ಸಮಾಜಕ್ಕೆ ಅನ್ಯಾಯವೊದಗಿದಾಗ ಸುಮ್ಮನಿರದೆ ಎದ್ದು ನಿಲ್ಲುವುದು ಗಣಾಚಾರ. 2017ರಲ್ಲಿ ಗದಗಿನ ಬೀದಿಯಲ್ಲಿ ಕಂಡುದು ಅದೇ. ಆದರೆ ಧರಣಿ ಮುಗಿದ ಮೇಲೆ, ಯಾರೂ ನೋಡದಿರುವಾಗ, ಬೇಸಗೆಯ ಬಿಸಿಲಿನಲ್ಲಿ ಬೆಂಕಿಯನ್ನು ಆರಿಸಲು ಹಸಿಸೊಪ್ಪನ್ನು ಹಿಡಿದು ಓಡುವುದು, ನೆಟ್ಟ ಸಸಿಗೆ ಕೊಡವನ್ನು ಹೊತ್ತು ನೀರೆರೆಯುವುದು, ಕೆರೆಯ ಹೂಳಿಗೆ ಬುಟ್ಟಿ ಹೊರುವುದು, ಇದು ಭೃತ್ಯಾಚಾರ. ಗಣಾಚಾರಕ್ಕೆ ನೂರು ಜನ ಸಿಗುತ್ತಾರೆ. ಭೃತ್ಯಾಚಾರಕ್ಕೆ ಹತ್ತು ಜನ ಸಿಗುವುದೂ ಕಷ್ಟ. ಬೆಟ್ಟವು ಉಳಿಯುವುದು ಮಾತ್ರ ಆ ಹತ್ತು ಜನರಿಂದ.

ಸೀಗೀಹುಣ್ಣಿವೆಯ ದಿನ ಉತ್ತರದ ಸೀಮೆಯ ಒಕ್ಕಲಿಗನು ಸಕುಟುಂಬನಾಗಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಉಡಿ ತುಂಬಿ, ಬೆಳೆಯ ನಡುವೆ ಚರಗವನ್ನು ಚೆಲ್ಲುತ್ತಾನೆ. ತಾನು ಉಣ್ಣುವ ಮುನ್ನ ನೆಲಕ್ಕೂ ಹಕ್ಕಿಗೂ ಹುಳಕ್ಕೂ ಒಂದು ತುತ್ತನ್ನು ಕೊಡುವ ಆ ಮುದುಕ ಒಕ್ಕಲಿಗನು ಶಾಸ್ತ್ರವನ್ನೋದಿದವನಲ್ಲ. ಆದರೆ ಲಕ್ಕಮ್ಮನವರ ಅಳತೆಯು ಆತನ ಕೈಗೆ ಬಂದಿದೆ. ಆ ಅಳತೆಯನ್ನು ಮಗನ ಕೈಗೆ ದಾಟಿಸುವುದೇ ಈ ಕಾಲದ ತಂದೆತಾಯಿಗಳ ದೊಡ್ಡ ಕರ್ತವ್ಯ. ನಾಳೆ ಬೆಳಿಗ್ಗೆ ಲಿಂಗಕ್ಕೆ ಅಗ್ಘವಣಿಯನ್ನೆರೆಯುವಾಗ ಭಕ್ತನು ಆ ನೀರು ಹೊರಟ ಬೆಟ್ಟವನ್ನು ಒಮ್ಮೆ ನೆನೆಯಲಿ. ಈ ದಿನ ತನಗೆ ಬೇಕಾದುದೆಷ್ಟು, ಮರಳಿ ಸುರಿಯಬೇಕಾದುದೆಷ್ಟು ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ಆ ಕೇಳಿಕೆಯಿಂದಲೇ ಪೂಜೆಯು ಪೂರ್ಣವಾಗುವುದು. ಸರ್ವರಿಗೂ ಶಿವನು ಸನ್ಮತಿಯನ್ನು ಕರುಣಿಸಲಿ.