ಮಾತೃತ್ಯಾಗದ ಚಿತ್ರಣ: ಒಂದು ಸ್ವತ್ವವಿಚಾರ

ಸ್ವತ್ವನಿವೃತ್ತಿಯೇ ತ್ಯಾಗ, 'ಇದು ನನ್ನದಲ್ಲ' ಎಂಬ ಸಂಕಲ್ಪದಿಂದ ಒಡೆತನವನ್ನು ಬಿಡುವುದೆಂದರ್ಥ. ಬಿಟ್ಟದ್ದು ಪರರ ಸ್ವತ್ತಾಗುವಂತೆ ಬಿಟ್ಟರೆ ದಾನ. ಬಿಡುವವರು ತಮ್ಮನ್ನೇ ದ್ರವ್ಯವಾಗಿಸಿಕೊಂಡರೆ ಸಮರ್ಪಣೆ. ಮೂರಕ್ಕೂ ಸಂಕಲ್ಪವು ಸಾಧಾರಣ ಲಕ್ಷಣವಾದುದರಿಂದ, ಸಂಕಲ್ಪರಹಿತವಾದ ವಿಯೋಗವು ಇವುಗಳಲ್ಲಿ ಯಾವುದೂ ಅಲ್ಲ. ಜರ್ಮನಿಯ ಕೇಟೆ ಕೋಲ್ವಿಟ್ಸ್ 1903ರಲ್ಲಿ ರಚಿಸಿದ ಮುದ್ರಾಚಿತ್ರದಲ್ಲಿ ನಗ್ನಳಾದ ತಾಯಿಯೊಬ್ಬಳು ಸತ್ತ ಮಗುವನ್ನು ತೊಡೆಗಳ ನಡುವೆ ಅವಚಿ, ಅದರ ಮೈಯೊಳಗೆ ಮುಖ ಹುದುಗಿಸಿದ್ದಾಳೆ. ಅಲ್ಲಿರುವುದು ಶುದ್ಧ ಶೋಕ. ಅದನ್ನು ತ್ಯಾಗಚಿತ್ರವೆಂದು ಕರೆಯುವುದು ಅತಿವ್ಯಾಪ್ತಿ.

ಆಕ್ಷೇಪ: ಸಂಕಲ್ಪವು ಮಾನಸಿಕ, ಅದಕ್ಕೆ ರೂಪವಿಲ್ಲ, ರೂಪವಿಲ್ಲದ್ದು ಚಾಕ್ಷುಷವಾಗದು, ಆದ್ದರಿಂದ ತ್ಯಾಗಚಿತ್ರವೇ ಅಸಂಭವ. ಹಾಗಲ್ಲ. ರತಿ, ಶೋಕಗಳೂ ಮಾನಸಿಕವೇ. ಅನುಭಾವದಿಂದ, ಅಂದರೆ ಅಂಗಚೇಷ್ಟೆಯಿಂದ, ಅವು ವ್ಯಂಗ್ಯವಾಗುವಂತೆ ಸಂಕಲ್ಪವೂ ಆಗುತ್ತದೆ. ರೋಮಿನಲ್ಲಿರುವ ಮೈಕೆಲ್ಯಾಂಜೆಲೊನ ಪಿಯೆತಾ ಶಿಲ್ಪದಲ್ಲಿ ಮೇರಿಯ ಬಲಗೈ ಮೃತಪುತ್ರನ ಕಂಕುಳ ಕೆಳಗೆ ಬಟ್ಟೆಯ ಮೂಲಕವೇ ಹಿಡಿದಿದೆ, ಬರಿಯ ಮೈಯನ್ನು ಮುಟ್ಟಿಲ್ಲ. ಎಡಗೈ ಅಂಗೈ ಮೇಲಾಗಿ ತೆರೆದಿದೆ. ಒಂದು ಕೈಯಲ್ಲಿ ಧಾರಣ, ಇನ್ನೊಂದರಲ್ಲಿ ವಿಸರ್ಜನ. ಸಂಕಲ್ಪದ ದರ್ಶನಕ್ಕೆ ಆ ತೆರೆದ ಅಂಗೈಯೊಂದೇ ಸಾಕು.

ಇನ್ನು ಪ್ರಬಲವಾದ ಪೂರ್ವಪಕ್ಷ: ಮಗನನ್ನು ರಣಕ್ಕೆ ಕೊಟ್ಟವಳೇ ಪರಮ ತ್ಯಾಗಿನಿ, ಅವಳ ಚಿತ್ರವೇ ಮಾತೃತ್ವದ ಪರಾಕಾಷ್ಠೆ. ಇದನ್ನು ಒಪ್ಪಲಾಗದು. ಸರ್ವಸ್ವವನ್ನೂ ಕೊಡಬೇಕಾದ ವಿಶ್ವಜಿತ್ ಯಾಗದ ಸಂದರ್ಭದಲ್ಲೂ ಬಂಧುಗಳು ದೇಯರಲ್ಲವೆಂದು ಜೈಮಿನೀಯ ಮೀಮಾಂಸೆ ನಿರ್ಣಯಿಸಿದೆ. ಯಾವುದರ ಮೇಲೆ ಪ್ರಭುತ್ವವುಂಟೋ ಅದನ್ನು ಮಾತ್ರ ಕೊಡಬಹುದು. ಮಗು ತಾಯಿಯದೆಂಬುದು ಸಂಬಂಧವಾಚಕ, ಸ್ವಾಮ್ಯವಾಚಕವಲ್ಲ.

ಇದಕ್ಕೆ ಕೋಲ್ವಿಟ್ಸಳ ಬಾಳೇ ನಿದರ್ಶನ. ಇನ್ನೂ ವಯಸ್ಕನಾಗದ ಮಗ ಪೀಟರ್ ಸೈನ್ಯ ಸೇರಲು ತಂದೆಯ ಸಮ್ಮತಿ ಬೇಕಿತ್ತು. ತಂದೆಯನ್ನು ಒಪ್ಪಿಸಿದವಳು ಅವಳೇ. 1914ರ ಅಕ್ಟೋಬರಿನಲ್ಲಿ ಅವನು ಬೆಲ್ಜಿಯಮ್ಮಿನಲ್ಲಿ ಹತನಾದ. ಅವನಿಗಾಗಿ ಅವಳು ರೂಪಿಸಿದ ಸ್ಮಾರಕ ಸಿದ್ಧವಾಗಿ ನಿಂತದ್ದು 1932ರಲ್ಲಿ. ಮೊದಲು ಯೋಚಿಸಿದ್ದ ಮಗನ ಆಕೃತಿಯನ್ನು ಅವಳು ಕೈಬಿಟ್ಟಳು. ಈಗ ಬೆಲ್ಜಿಯಮ್ಮಿನ ವ್ಲಾಡ್ಸ್ಲೊ ಸ್ಮಶಾನದಲ್ಲಿರುವುದು ಬೇರೆ ಬೇರೆ ಪೀಠಗಳ ಮೇಲೆ ಮಂಡಿಯೂರಿದ ತಂದೆತಾಯಿ ಮಾತ್ರ. ತಂದೆ ತನ್ನ ತೋಳುಗಳಿಂದ ತನ್ನನ್ನೇ ಬಿಗಿದಿದ್ದಾನೆ, ತಾಯಿ ತಲೆಬಾಗಿ ಮುಂದಕ್ಕೆ ಕುಸಿದಿದ್ದಾಳೆ. ಇದು ದಾತೃವಿನ ಭಂಗಿಯಲ್ಲ. ಕೊಡಬಾರದ್ದನ್ನು ಕೊಟ್ಟವರು ಕ್ಷಮೆ ಬೇಡುವ ಭಂಗಿ.

ಹಾಗಾದರೆ ಮಾತೃತ್ಯಾಗಕ್ಕೆ ದ್ರವ್ಯವೇ ಇಲ್ಲವೆ? ಇದೆ: ತಾಯಿಯ ಸ್ವಶರೀರ. ಆದ್ದರಿಂದ ಮಾತೃತ್ಯಾಗವು ವಸ್ತುತಃ ಸಮರ್ಪಣೆಯೇ. ಅದರ ರೂಪ ಒಪ್ಪಿಸುವುದಲ್ಲ, ಅಡ್ಡನಿಲ್ಲುವುದು. 1942ರಲ್ಲಿ ಕೋಲ್ವಿಟ್ಸ್ ರಚಿಸಿದ ಶಿಲಾಮುದ್ರಣದಲ್ಲಿ ವೃದ್ಧಪ್ರಾಯಳಾದ ತಾಯಿ ತನ್ನ ಅಗಲವಾದ ತೋಳುಗಳ ಕೆಳಗೆ ಮೂವರು ಹುಡುಗರನ್ನು ಬಚ್ಚಿಟ್ಟುಕೊಂಡಿದ್ದಾಳೆ. ಅವರು ಇಣುಕುತ್ತಾರೆ, ಅವಳು ಬಿಡುತ್ತಿಲ್ಲ. ಲಕ್ಷಣಸಮನ್ವಯವು ಪೂರ್ಣವಾಗುವುದು ಈ ಚಿತ್ರದಲ್ಲೇ. ಅದೇ ವರ್ಷ ಕೋಲ್ವಿಟ್ಸಳ ಮೊಮ್ಮಗ ಯುದ್ಧದಲ್ಲಿ ಸತ್ತ. ಅವನ ಹೆಸರೂ ಪೀಟರ್.