ಒಡೆತನವೂ ಹೊಣೆಗಾರಿಕೆಯೂ

"ಅವರಿಲ್ಲದಿದ್ದರೆ ಆ ಅಂಗಡಿ ಒಂದು ದಿನವೂ ನಡೆಯಲಾರದು." ವ್ಯಾಪಾರಸ್ಥರನ್ನು ಕುರಿತು ನಮ್ಮ ಜನ ಆಡುವ ದೊಡ್ಡ ಹೊಗಳಿಕೆಯ ಮಾತು ಇದು. ಬೆಳಿಗ್ಗೆ ಬಾಗಿಲು ತೆರೆಯುವುದರಿಂದ ಹಿಡಿದು ರಾತ್ರಿ ಕೀಲಿ ಹಾಕುವವರೆಗೆ ಎಲ್ಲವನ್ನೂ ತಾನೇ ನೋಡಿಕೊಳ್ಳುವ ಒಡೆಯನ ದುಡಿಮೆ ಆದರಣೀಯವೇ ಸರಿ. ಆದರೂ ಈ ಹೊಗಳಿಕೆಯನ್ನು ತುಸು ನಿಂತು ಪರೀಕ್ಷಿಸುವುದು ಒಳ್ಳೆಯದು. ಹತ್ತು ಮನೆಗಳ ಅನ್ನವನ್ನು ಒಬ್ಬನ ಉಸಿರಿಗೆ ಕಟ್ಟಿಹಾಕುವುದು ಗುಣವೋ ದೋಷವೋ? ತಾನಿಲ್ಲದೆ ನಡೆಯದಂತೆ ಉದ್ಯೋಗವನ್ನು ಕಟ್ಟಿದವನು ನಿಷ್ಠಾವಂತನೋ, ಅಥವಾ ತನಗರಿವಿಲ್ಲದೆಯೇ ಮಮಕಾರಕ್ಕೆ ಸೆರೆಯಾದವನೋ? ಇದು ಕೇವಲ ವ್ಯವಹಾರದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಆಗಿದೆ.

ನಮ್ಮಲ್ಲಿಗೆ ಬರುವ ಭಕ್ತರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕು. ಅವರದು ಜವಳಿ ಅಂಗಡಿ, ನಾಲ್ವರು ಕೆಲಸಗಾರರು. ಸೀರೆಗೆ ಅಂಟಿಸಿದ ಚೀಟಿಯ ಮೇಲೆ ಖರೀದಿಯ ದರವನ್ನು ಗುಪ್ತಾಕ್ಷರಗಳಲ್ಲಿ ಬರೆಯುವುದು ಹಳೆಯ ವ್ಯಾಪಾರಿಗಳ ರೂಢಿ. ಈ ಅಂಗಡಿಯಲ್ಲಿ ಆ ಅಕ್ಷರಗಳ ಅರ್ಥ ಯಜಮಾನರೊಬ್ಬರಿಗೇ ಗೊತ್ತು. ಉದ್ರಿಯ ಲೆಕ್ಕ ಅರ್ಧ ಖತಾವಣಿಯಲ್ಲಿ, ಇನ್ನರ್ಧ ಅವರ ನೆನಪಿನಲ್ಲಿ. ಚೆಕ್ಕಿಗೆ ಸಹಿಯೂ ಅವರದೊಂದೇ. ಒಂದು ವರ್ಷ ಲಗ್ನಸರಾಯಿಯ ಹೊತ್ತಿಗೆ ಅವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎರಡು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ಅಂಗಡಿಯ ಬಾಗಿಲೇನೋ ತೆರೆದಿತ್ತು. ಆದರೆ ಕೊನೆಯ ದರ ಹೇಳುವವರಿಲ್ಲದೆ ಗಿರಾಕಿಗಳು ಮುಂದಿನ ಅಂಗಡಿಗೆ ನಡೆದರು. ಇಪ್ಪತ್ತು ವರ್ಷ ಅಲ್ಲಿಯೇ ದುಡಿದ ಹಿರಿಯ ಗುಮಾಸ್ತ, ಸಂಬಳ ಬಾರದ ಕಾರಣ, ಮಗಳ ಕಾಲೇಜಿನ ಶುಲ್ಕಕ್ಕೆಂದು ಬಡ್ಡಿಗೆ ಸಾಲ ತಂದ. ಚೇತರಿಸಿಕೊಂಡು ಮಠಕ್ಕೆ ಬಂದ ಯಜಮಾನರು ತಮ್ಮ ನಷ್ಟದ ಮಾತನ್ನು ಎತ್ತಲಿಲ್ಲ. "ಅಜ್ಜಾರ, ಇಪ್ಪತ್ತು ವರ್ಷ ಅವನ ಕೈಯಾಗ ಅರಿವಿ ಕೊಟ್ಟೆ, ದರ ಕೊಡಲಿಲ್ಲ" ಎಂದು ಕಣ್ಣೊರೆಸಿಕೊಂಡರು.

ಸಣ್ಣ ಉದ್ಯೋಗವು ಒಡೆಯನಿಗೆ ಅಂಟಿಕೊಳ್ಳುವುದು ಈ ಮೂರು ಬಂಧಗಳಿಂದಲೇ. ತಿಳಿವಳಿಕೆ ಒಬ್ಬನ ತಲೆಯಲ್ಲಿ ಉಳಿಯುವುದು ಮೊದಲನೆಯದು. ತೀರ್ಮಾನವೆಲ್ಲ ಒಬ್ಬನ ಬಾಯಿಂದಲೇ ಬರಬೇಕಾಗುವುದು ಎರಡನೆಯದು. ಹಣದ ಕೀಲಿ ಒಬ್ಬನ ಸೊಂಟದಲ್ಲಿರುವುದು ಮೂರನೆಯದು. ಇವುಗಳ ಹಿಂದೆ ಒಂದು ಭಯವಿದೆ. ಕಲಿತ ಕೆಲಸಗಾರ ನಾಳೆ ಎದುರಿಗೇ ಅಂಗಡಿ ಹಾಕಿದರೆ? ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೆ? ಈ ಭಯ ಸುಳ್ಳಲ್ಲ. ಅಂತಹ ಪೆಟ್ಟು ತಿಂದವರನ್ನು ನಾವು ಬಲ್ಲೆವು. ಆದ್ದರಿಂದ "ಎಲ್ಲರನ್ನೂ ನಂಬಿರಿ" ಎಂದು ಉಪದೇಶಿಸಿ ಕೈತೊಳೆದುಕೊಳ್ಳುವುದು ಸುಲಭವಾದರೂ ನ್ಯಾಯವಲ್ಲ.

ನಂಬಿಕೆಗೆ ಕಣ್ಣು ಬೇಕು. ಆ ಕಣ್ಣೇ ಲೆಕ್ಕ. ಜಮೆ-ಖರ್ಚುಗಳನ್ನು ಎರಡು ಕಡೆ ಬರೆದು ತಾಳೆ ನೋಡುವ ಪದ್ಧತಿಯನ್ನು ಲೂಕಾ ಪಾಚಿಯೋಲಿ ಎಂಬ ಇಟಲಿಯ ಸಂನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ವಿವರಿಸಿದನು. ಅಲ್ಲಿಯ ವರ್ತಕರು ಅದನ್ನು ಮೊದಲೇ ಬಳಸುತ್ತಿದ್ದರು. ಕಿರ್ದಿಯನ್ನು ನಿತ್ಯ ಬರೆಯುವುದು, ಸರಕು ಕೊಡುವವನೇ ಹಣ ಎಣಿಸದಿರುವುದು, ತಿಂಗಳಿಗೊಮ್ಮೆ ದಾಸ್ತಾನನ್ನು ಎಣಿಸಿ ತಾಳೆ ನೋಡುವುದು, ಇವು ಕೆಲಸಗಾರನನ್ನು ಕಳ್ಳನೆಂದು ಶಂಕಿಸಲು ಹುಟ್ಟಿದ ನಿಯಮಗಳಲ್ಲ. ನಿರಪರಾಧಿಯು ಶಂಕೆಗೆ ಗುರಿಯಾಗದಂತೆ ಕಾಯುವುದೂ ಇವೇ. ಲೆಕ್ಕವಿಲ್ಲದ ಕಡೆ ಒಡೆಯನ ಅನುಮಾನಕ್ಕೆ ಮಿತಿಯಿಲ್ಲ, ಸೇವಕನ ಸತ್ಯಕ್ಕೆ ಸಾಕ್ಷಿಯಿಲ್ಲ.

ಒಬ್ಬನ ನೆನಪನ್ನು ಎಲ್ಲರ ಸೊತ್ತಾಗಿ ಮಾಡಿದ ಉದಾಹರಣೆಗಳು ನಮ್ಮ ದೇಶದಲ್ಲಿಯೇ ಇವೆ. ಮುಂಬಯಿಯ ಡಬ್ಬಾವಾಲರ ವೃತ್ತಿ 1890ರ ಸುಮಾರಿಗೆ ಆರಂಭವಾಯಿತು. ಒಂದು ಬುತ್ತಿ ಮನೆಯಿಂದ ಕಚೇರಿಗೆ ತಲುಪುವಷ್ಟರಲ್ಲಿ ಹಲವರ ಕೈ ದಾಟುತ್ತದೆ. ಅದು ದಾರಿ ತಪ್ಪದಿರಲು ಕಾರಣ ಯಾವ ಯಜಮಾನನ ಸ್ಮರಣಶಕ್ತಿಯೂ ಅಲ್ಲ. ಡಬ್ಬಿಯ ಮುಚ್ಚಳದ ಮೇಲೆ ಬರೆದ ಬಣ್ಣ, ಅಕ್ಷರ, ಅಂಕಿಗಳ ಗುರುತು. ಜವಳಿ ಅಂಗಡಿಯ ಚೀಟಿಯ ಮೇಲೂ ಗುರುತಿತ್ತು, ಡಬ್ಬಿಯ ಮೇಲೂ ಗುರುತಿದೆ. ಅದು ಮುಚ್ಚಿಡಲು, ಇದು ತಿಳಿಸಲು. ಅದೇ ಮುಂಬಯಿಯಲ್ಲಿ 1959ರಲ್ಲಿ ಏಳು ಜನ ಮಹಿಳೆಯರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡತೊಡಗಿದರು. ಅದು ಬೆಳೆದು ಲಿಜ್ಜತ್ ಸಂಸ್ಥೆಯಾಗಿದೆ. ಒಂದೆಡೆ ನಾದಿದ ಹಿಟ್ಟನ್ನು ಸದಸ್ಯೆಯರು ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ ತಂದೊಪ್ಪಿಸುತ್ತಾರೆ. ದುಡಿಯುವವರೇ ಒಡತಿಯರು. ಅಳತೆ, ಹದ, ಪರೀಕ್ಷೆಗಳು ನಿಯಮವಾಗಿ ನಿಂತುದರಿಂದ ಹತ್ತಾರು ಸಾವಿರ ಕೈಗಳಿಗೆ ಕೆಲಸ ಹಬ್ಬಿದೆ.

ನಮ್ಮ ಕಾನೂನೂ ಈ ಅಂಶವನ್ನು ಮರೆತಿಲ್ಲ. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಒಬ್ಬ ಪಾಲುದಾರನ ಮರಣದೊಂದಿಗೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. 2013ರ ಕಂಪನಿ ಕಾಯಿದೆ ಒಬ್ಬನೇ ವ್ಯಕ್ತಿ ಕಂಪನಿ ಸ್ಥಾಪಿಸಲು ಅವಕಾಶ ಕೊಟ್ಟಿತು. ಆದರೆ ಅವನು ತೀರಿಕೊಂಡರೆ ಅಥವಾ ಅಶಕ್ತನಾದರೆ ಆ ಸ್ಥಾನಕ್ಕೆ ಬರುವವರ ಹೆಸರನ್ನು, ಅವರ ಲಿಖಿತ ಒಪ್ಪಿಗೆಯೊಡನೆ, ಸ್ಥಾಪನೆಯ ಹೊತ್ತಿಗೇ ಕೊಡಬೇಕೆಂದು ವಿಧಿಸಿತು. ಒಬ್ಬಂಟಿಯಾಗಿ ಆರಂಭಿಸುವವನೂ ಮೊದಲ ದಿನವೇ ತಾನಿಲ್ಲದ ದಿನವನ್ನು ನೆನೆಯಬೇಕು. ಇದು ಕಾಗದದ ವಿಧಿಯಾದರೂ ಇದರಲ್ಲಿ ವಿವೇಕವಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಾಯಕವೆಂದರೆ ತಾನೇ ಮಾಡುವುದಲ್ಲವೇ? ಇನ್ನೊಬ್ಬರಿಗೆ ಒಪ್ಪಿಸುವುದು ಜಾರಿಕೊಳ್ಳುವ ಉಪಾಯವಾಗದೇ? ಆಗಬಹುದು. ದುಡಿಮೆಯನ್ನು ಇತರರ ಹೆಗಲಿಗೇರಿಸಿ ಲಾಭವನ್ನು ಮಾತ್ರ ಎಣಿಸಿಕೊಳ್ಳುವ ಒಡೆಯ ಹಿಂದೆ ಸರಿದವನಲ್ಲ, ಮೇಲೇರಿ ಕುಳಿತವನು. ಕೆಲಸವನ್ನು ಬಿಡುವುದಕ್ಕೂ ಹಿಡಿತವನ್ನು ಸಡಿಲಿಸುವುದಕ್ಕೂ ಅಂತರವಿದೆ. ಅಧಿಕಾರವನ್ನು ಕೊಟ್ಟವನು ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು. ಕಲಿಯುವವನಿಂದಾದ ನಷ್ಟವನ್ನು ತಾನು ಹೊರಬೇಕು. ತೀರ್ಮಾನವನ್ನು ಹಂಚಿಕೊಳ್ಳಬಹುದು, ಅಂತಿಮ ಹೊಣೆಯನ್ನು ಹಂಚಿಕೊಂಡು ಪಾರಾಗಲು ಬಾರದು. ಕಾಯಕವು ದುಡಿಮೆಯಲ್ಲಿದೆಯೇ ಹೊರತು ಅನಿವಾರ್ಯನೆನಿಸಿಕೊಳ್ಳುವ ಹಂಬಲದಲ್ಲಿಲ್ಲ.

ಇದನ್ನು ನಾವು ಅನ್ಯರಿಗೆ ಹೇಳುವ ಅಧಿಕಾರ ಸುಲಭವಾಗಿ ಬಂದುದಲ್ಲ. ಹಿಂದೊಮ್ಮೆ ನಾವು ಹದಿನೈದು ದಿನ ಪ್ರವಾಸದಲ್ಲಿದ್ದಾಗ ಪ್ರಸಾದ ನಿಲಯದ ಬಾವಿಯ ಪಂಪು ಕೆಟ್ಟಿತು. ದುರಸ್ತಿಗೆ ಹಣ ಖರ್ಚುಮಾಡುವ ಅಧಿಕಾರ ಯಾರಿಗೂ ಇರಲಿಲ್ಲ. ನಮಗೆ ತಿಳಿಸಲು ಕಾರಭಾರಿ ಅಂಜಿದರು. ಐದು ದಿನ ಹುಡುಗರು ದೂರದಿಂದ ನೀರು ಹೊತ್ತರು. ಹಿಂದಿರುಗಿ ಕೇಳಿದಾಗ ನಮಗೆ ಮೊದಲು ಬಂದುದು ಸಿಟ್ಟು, ಆಮೇಲೆ ನಾಚಿಕೆ. ಪ್ರತಿಯೊಂದು ರೂಪಾಯಿಗೂ ನಮ್ಮನ್ನೇ ಕೇಳಬೇಕೆಂದು ಕಲಿಸಿದವರು ನಾವೇ ಅಲ್ಲವೇ? ಅದನ್ನು ಶಿಸ್ತು ಎಂದುಕೊಂಡಿದ್ದೆವು. ಇಂತಿಷ್ಟು ಮೊತ್ತದವರೆಗೆ ಕೇಳದೆ ಖರ್ಚುಮಾಡಿ ಲೆಕ್ಕ ಒಪ್ಪಿಸಬೇಕೆಂಬ ನಿಯಮ ಆ ಬಳಿಕ ಬಂದಿತು.

ಆದ್ದರಿಂದ ಸಣ್ಣ ಉದ್ಯೋಗ ನಡೆಸುವ ಬಂಧುಗಳಲ್ಲಿ ನಮ್ಮ ಸೂಚನೆಯಿಷ್ಟೆ. ನೀವು ಒಂದು ದಿನದಲ್ಲಿ ಉತ್ತರಿಸುವ ಪ್ರಶ್ನೆಗಳನ್ನೆಲ್ಲ ಬರೆದಿಡಿರಿ. ಅವುಗಳಲ್ಲಿ ಮತ್ತೆ ಮತ್ತೆ ಬರುವವಕ್ಕೆ ನಿಯಮ ಮಾಡಿ, ಉಳಿದವಕ್ಕೆ ಒಬ್ಬರನ್ನು ತಯಾರುಮಾಡಿರಿ. ಎರಡನೆಯ ಕೀಲಿಕೈಯನ್ನು ನಿಮ್ಮ ಕಣ್ಣೆದುರಿಗೇ ಒಪ್ಪಿಸಿರಿ. ಬಳಿಕ ಒಂದು ದಿನ ಅಂಗಡಿಗೆ ಹೋಗದೆ ನೋಡಿರಿ. ಆ ದಿನ ಎಡವಿದ್ದೆಲ್ಲಿ ಎಂಬುದೇ ಮುಂದೆ ಕಲಿಸಬೇಕಾದ ಪಾಠ.

ಜವಳಿ ಅಂಗಡಿಯ ಆ ಭಕ್ತರು ಗುಮಾಸ್ತನ ಸಾಲವನ್ನು ತಾವೇ ತೀರಿಸಿ, ಚೀಟಿಯ ಅಕ್ಷರಗಳ ಅರ್ಥವನ್ನು ಅವನಿಗೆ ಹೇಳಿಕೊಟ್ಟರು. ಮರುವರ್ಷದ ಲಗ್ನಸರಾಯಿಯಲ್ಲಿ ಅವನು ಒಂದು ದರವನ್ನು ತಪ್ಪಾಗಿ ಓದಿ ಮೂರು ಸಾವಿರ ರೂಪಾಯಿ ಕಳೆದನು. ಅದನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳದೆ ತಮ್ಮ ಹೆಸರಿಗೇ ಖರ್ಚು ಬರೆದುಕೊಂಡರಂತೆ. ಈಗ ವಾರಕ್ಕೊಂದು ದಿನ ಅವರು ಅಂಗಡಿಗೆ ಹೋಗುವುದಿಲ್ಲ. ಆ ದಿನ ಮನೆಯಲ್ಲಿ ಮನಸ್ಸು ನಿಲ್ಲುವುದಿಲ್ಲವೆಂದು ನಮ್ಮೆದುರು ಒಪ್ಪಿಕೊಂಡರು. ನಿಲ್ಲದಿರಲಿ. ಅವರ ಮನಸ್ಸು ನಿಲ್ಲದಿದ್ದರೂ ಅಂಗಡಿ ನಡೆಯುತ್ತದೆ. ಸಂಜೆಗೆ ನಾಲ್ಕು ಮನೆಗಳಲ್ಲಿ ಒಲೆ ಹೊತ್ತುತ್ತದೆ.