ಬೆಚ್ಚಗಿದ್ದಾಗ ಮಾಡಿದ ಸಂಕಲ್ಪ

ಜಾಕೆಟ್ಟು ನನ್ನ ಸೊಂಟದಲ್ಲೇ ಇತ್ತು. ಅದರ ತೋಳುಗಳನ್ನು ಹೊಟ್ಟೆಯ ಮೇಲೆ ಎರಡು ಗಂಟು ಹಾಕಿ ಬಿಗಿದುಕೊಂಡಿದ್ದೆ. ಕೈಮರದಿಂದ ಓಡಲು ಶುರು ಮಾಡಿದಾಗ ಜುಲೈ ತಿಂಗಳ ಜಿಟಿಜಿಟಿ ಮಳೆ. ಏರು ಸಿಕ್ಕಿದ ಹತ್ತೇ ನಿಮಿಷಕ್ಕೆ ಮೈ ಕಾದು, ಆ ಮಳೆ ಹಿತವಾಗಿಯೇ ಇತ್ತು. ಸೀತಾಳಯ್ಯನಗಿರಿ ದಾಟಿ ಮುಳ್ಳಯ್ಯನಗಿರಿಯ ಕಡೆ ತಿರುಗಿದ ಮೇಲೆ ಗಾಳಿ ಅಡ್ಡಕ್ಕೆ ಹೊಡೆಯತೊಡಗಿತು. ಈಗ ಹಾಕಿಕೊಳ್ಳೋಣ ಎಂದು ಗಂಟಿಗೆ ಕೈಯಿಟ್ಟರೆ ಬೆರಳು ಮಡಚುತ್ತಿಲ್ಲ. ನೆನೆದು ಕಚ್ಚಿಕೊಂಡ ಗಂಟು. ಹೆಬ್ಬೆರಳ ಉಗುರು ಸಂದಿಯೊಳಗೆ ಹೋಯಿತೋ ಇಲ್ಲವೋ, ಅದೂ ತಿಳಿಯುತ್ತಿಲ್ಲ. ಹಲ್ಲಿನಿಂದ ಬಿಚ್ಚೋಣವೆಂದರೆ ಸೊಂಟ ಬಾಯಿಗೆ ಎಟುಕುವ ಜಾಗವಲ್ಲ. ಆಗ ನನ್ನ ತಲೆ ಕೊಟ್ಟ ತೀರ್ಪು ಇಷ್ಟು: ಇನ್ನೇನು ಬಂದೇಬಿಟ್ಟಿತಲ್ಲ, ಹಾಗೇ ಹೋಗಿಬಿಡೋಣ.

ಜೊತೆಗಿದ್ದ ಗೆಳೆಯ ಆ ಸೀಮೆಯವನೇ. ನನ್ನ ಮುಖ ನೋಡಿ, "ಏನ್ ಮಾರಾಯ, ಮಾತು ತೊದಲ್ತಾ ಇದೆ ನಿಂದು. ಸಾಕು, ಇಳಿ" ಅಂದವನೇ ತೋಳು ಹಿಡಿದು ತಿರುಗಿಸಿದ. ನನಗೆ ಸಿಟ್ಟು ಬಂತು. ತೊದಲುತ್ತಿಲ್ಲ ಎಂದು ಹೇಳಲು ಹೋಗಿ ತೊದಲಿದೆ.

ಅಂದು ಪಂದ್ಯವೂ ಇರಲಿಲ್ಲ, ನೋಡುವವರೂ ಇರಲಿಲ್ಲ. ಆದರೂ 'ಹೋಗಿಬಿಡೋಣ' ಎಂದವನು ಯಾರು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೈಮರದಲ್ಲಿ ಚಹಾ ಕುಡಿಯುತ್ತ ಇವತ್ತು ತುದಿ ಮುಟ್ಟಲೇಬೇಕು ಎಂದುಕೊಂಡವನೇ? ಅಥವಾ ಆ ಹೊತ್ತಿಗೆ ಅವನು ಖಾಲಿ ಮಾಡಿಹೋಗಿದ್ದ ತಲೆಯಲ್ಲಿ ಅವನ ಹಳೆಯ ಮಾತು ಮಾತ್ರ ಉಳಿದು ಅನುರಣಿಸುತ್ತಿತ್ತೇ?

ಬೆಟ್ಟದ ಏರು ಓಟಕ್ಕೆ ಒಂದು ವಿಚಿತ್ರವಿದೆ. ಊರಿನ ರಸ್ತೆಯ ಓಟದಲ್ಲಿ ಗುರಿ ಎಂದರೆ ಸುಖದ ಜಾಗ: ಬಾಳೆಹಣ್ಣು, ನೆರಳು, ಕೊರಳಿಗೊಂದು ಪದಕ. ಬೆಟ್ಟದ ತುದಿಗೆ ಓಡುವಾಗ ಇಡೀ ದಾರಿಯಲ್ಲಿ ಅತಿ ಕೆಟ್ಟ ಜಾಗವೇ ಗುರಿ. ಸಾವಿರ ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ತಂಪು ಹೆಚ್ಚುತ್ತದೆ, ಗಾಳಿಗೆ ಅಡ್ಡವಾಗಿ ಮರವೂ ಉಳಿದಿರುವುದಿಲ್ಲ. ಅದೇ ಹೊತ್ತಿಗೆ ಮೈ ಸೋತಿರುತ್ತದೆ. ಓಡುವ ಮೈ ಒಂದು ಒಲೆ. ಅದು ಉರಿಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬರೀ ಬಿಸಿಯಾಗಿ ಹೋಗುತ್ತದೆ. ಕೆಳಗೆ ಕಾಲು ಚುರುಕಾಗಿದ್ದಾಗ ಆ ಬಿಸಿಯೇ ನಮಗೆ ಚಡ್ಡಿ-ಬನಿಯನ್ನಿನ ಧೈರ್ಯ ಕೊಡುತ್ತದೆ. ಮೇಲೆ ಹೋದಂತೆ ಹೆಜ್ಜೆ ನಿಧಾನವಾಗುತ್ತದೆ, ಉರಿ ಇಳಿಯುತ್ತದೆ. ನೀರು ಗಾಳಿಗಿಂತ ಇಪ್ಪತ್ತೈದು ಪಟ್ಟು ವೇಗವಾಗಿ ಶಾಖ ಎಳೆಯುವುದರಿಂದ, ನೆನೆದ ಬಟ್ಟೆ ತೊಟ್ಟವನ ಒಲೆಗೆ ನೀರೆರಚಿದ ಹಾಗೆಯೇ.

2008ರ ಜುಲೈ 13ರಂದು ಆಲ್ಪ್ಸ್‌ನಲ್ಲಿ ಆದದ್ದು ಇದೇ. ಆಸ್ಟ್ರಿಯಾದ ಏರ್‌ವಾಲ್ಡ್ ಊರಿನಿಂದ ಜರ್ಮನಿಯ ಅತಿ ಎತ್ತರದ ಶಿಖರವಾದ ತ್ಸುಗ್‌ಸ್ಪಿಟ್ಸೆಗೆ ಓಟ. ದೂರ ಹದಿನಾರು ಕಿಲೋಮೀಟರಿನಷ್ಟು, ಏರು ಎರಡು ಸಾವಿರ ಮೀಟರಿಗೂ ಮೇಲೆ. ಶಿಖರ ಇರುವುದು 2,962 ಮೀಟರ್ ಎತ್ತರದಲ್ಲಿ. ಕೆಳಗೆ ಮಳೆ, ಮೇಲೆ ನಡುಬೇಸಿಗೆಯಲ್ಲಿ ಹಿಮ. ಹಲವರು ತೆಳು ಬಟ್ಟೆಯಲ್ಲೇ ಹತ್ತಿದ್ದರು. ಇಬ್ಬರು ಚಳಿ ಮತ್ತು ಬಳಲಿಕೆಯಿಂದ ಸತ್ತರು, ಇನ್ನೂ ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆಯೋಜಕರ ಮೇಲೆ ಮೊಕದ್ದಮೆ ನಡೆಯಿತು. 2009ರ ಡಿಸೆಂಬರಿನಲ್ಲಿ ಗಾರ್ಮಿಶ್-ಪಾರ್ಟೆನ್‌ಕಿರ್ಖೆನ್‌ನ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಅಪಾಯ ಏನೆಂಬುದು ಓಡುವವರಿಗೆ ತಾವಾಗಿ ಕಾಣುವಂತಿತ್ತು, ತಿಳಿದೇ ಮುಂದುವರಿದರು, ಹೊಣೆ ಅವರದೇ ಎಂಬುದು ತೀರ್ಪಿನ ಸಾರ.

ಕಾನೂನಿನ ಲೆಕ್ಕದಲ್ಲಿ ಇದನ್ನು ತಪ್ಪೆನ್ನಲು ನನಗೆ ಧೈರ್ಯವಿಲ್ಲ. ಬೆಟ್ಟ ಹತ್ತಿ ಎಂದು ಅವರನ್ನು ಯಾರೂ ದಬ್ಬಿರಲಿಲ್ಲ. ಒಬ್ಬೊಬ್ಬ ವಯಸ್ಕನ ಹಿಂದೆಯೂ ಕೊಡೆ ಹಿಡಿದು ಓಡುವುದು ಯಾರಿಂದಲೂ ಆಗದ ಕೆಲಸ. ಆದರೆ 'ತಿಳಿದೇ ಮುಂದುವರಿದರು' ಎಂಬ ಮಾತಿನಲ್ಲಿ ಒಂದು ಬಿರುಕಿದೆ. ತಿಳಿದವನು ಕೆಳಗಿದ್ದ; ಮುಂದುವರಿದವನು ಮೇಲಿದ್ದ. ಇಬ್ಬರಿಗೂ ಎದೆಯ ಮೇಲೆ ಒಂದೇ ನಂಬರು ಇದ್ದ ಮಾತ್ರಕ್ಕೆ ಇಬ್ಬರ ಬುದ್ಧಿಯೂ ಒಂದೇ ಎಂದು ಹಿಡಿಯಬಹುದೇ?

ಇದಕ್ಕೆ ಓಟಗಾರರ ಕಡೆಯಿಂದ ಒಂದು ಗಟ್ಟಿ ಆಕ್ಷೇಪವಿದೆ, ನನ್ನೊಳಗಿನಿಂದಲೂ ಬರುವಂಥದ್ದು. ದೂರದ ಓಟ ಎಂದರೇನೇ ಮೈಯ ಮಾತು ಕೇಳದಿರುವುದು. ಸಾಕು, ನಿಲ್ಲು, ಕೂರು ಎಂದು ಅದು ಮೊದಲ ಗಂಟೆಯಿಂದಲೇ ಗೋಗರೆಯುತ್ತದೆ. ಹಾಗೆಂದಾಗಲೆಲ್ಲ ನಿಂತವನು ಯಾವ ಬೆಟ್ಟವನ್ನೂ ಹತ್ತಲಾರ. ಬೆಳಗಿನ ಐದಕ್ಕೆ ಎದ್ದು ವರ್ಷಗಟ್ಟಲೆ ಮಾಡುವ ಅಭ್ಯಾಸವೆಲ್ಲ ಆ ಗೋಗರೆತಕ್ಕೆ ಕಿವುಡಾಗುವ ಅಭ್ಯಾಸವೇ ತಾನೇ?

ಹೌದು. ಆದರೆ ಎಡವಟ್ಟು ಇರುವುದೂ ಅಲ್ಲೇ. ದಣಿವು ವಾಚಾಳಿ. ಮೈಯಲ್ಲಿ ಇನ್ನೂ ಅರ್ಧ ಉಗ್ರಾಣ ತುಂಬಿರುವಾಗಲೇ ದಿವಾಳಿ ಎದ್ದೆ ಎಂದು ಬೊಬ್ಬೆ ಹೊಡೆಯುತ್ತದೆ, ಅದನ್ನು ನಂಬದಿರುವುದೇ ಲೇಸು. ಚಳಿಯ ನಡತೆ ತಿರುಗಾಮುರುಗಾ. ಮೊದಮೊದಲು ನಡುಕದ ಗದ್ದಲ. ಒಳಮೈಯ ಉಷ್ಣ 35 ಡಿಗ್ರಿಗಿಂತ ಕೆಳಗಿಳಿದರೆ ನಾಲಿಗೆ ಕಾಲು ಎರಡೂ ಎಡವುತ್ತವೆ. ಸುಮಾರು 32ಕ್ಕೆ ಬಂದರೆ ನಡುಕವೇ ನಿಲ್ಲುತ್ತದೆ. ಇನ್ನೂ ಮುಂದೆ ಹೋದರೆ ಕೆಲವರು ಸೆಕೆಯಾದಂತಾಗಿ ಇದ್ದ ಬಟ್ಟೆಯನ್ನೂ ಕಳಚಿ ಎಸೆಯುತ್ತಾರೆ. ಅಪಾಯ ಹೆಚ್ಚಿದಂತೆ ದೂರು ಕಡಿಮೆ. ದಣಿವಿನ ಸುಳ್ಳಿಗೆ ಕಿವುಡಾಗಲು ಕಲಿತವನು ಚಳಿಯ ಆ ಮೊದಲ ನಿಜವನ್ನೂ ಅದೇ ಕಿವಿಯಿಂದ ಕೇಳುತ್ತಾನೆ. ಅದು ಸುಮ್ಮನಾದಾಗ, ಗೆದ್ದೆ ಅಂದುಕೊಳ್ಳುತ್ತಾನೆ. ಒಳ್ಳೆಯ ಓಟಗಾರನಾದಷ್ಟೂ ಈ ಮೋಸಕ್ಕೆ ಸುಲಭದ ತುತ್ತು ಎಂಬುದು ನನ್ನ ಗುಮಾನಿ.

ಗುಮಾನಿಗೆ ಕಾರಣವಿದೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ, ಹಳದಿ ನದಿಯ ಕಲ್ಲುಕಾಡು ಎಂದು ಹೆಸರಾದ ಜಾಗದಲ್ಲಿ ನೂರು ಕಿಲೋಮೀಟರಿನ ಓಟ ನಡೆಯಿತು. ಓಡಿದವರು 172 ಮಂದಿ. ಎರಡನೆಯ ಮತ್ತು ಮೂರನೆಯ ನಿಲ್ದಾಣದ ನಡುವೆ ಎಂಟು ಕಿಲೋಮೀಟರಿನಲ್ಲಿ ಸಾವಿರ ಮೀಟರ್ ಏರು, ವಾಹನ ಹೋಗದ ಕಡಿದು ದಾರಿ. ನಡುಹಗಲಿನ ಹೊತ್ತಿಗೆ ಆಲಿಕಲ್ಲು, ಕೊರೆಯುವ ಮಳೆ, ನಿಂತವರನ್ನು ಬೀಳಿಸುವ ಗಾಳಿ. 21 ಜನ ಸತ್ತರು. ಸತ್ತವರಲ್ಲಿ ಲಿಯಾಂಗ್ ಜಿಂಗ್ ಇದ್ದರು. ಆ ದೇಶದ ದೂರದೋಟಗಾರರ ಪೈಕಿ ಅವರ ಹೆಸರು ಮೊದಲ ಸಾಲಿನಲ್ಲಿತ್ತು. ಹಿಂದುಳಿದವರಲ್ಲಿ, ಏರಿಗೆ ಕಾಲಿಟ್ಟು ಮುಖ ಸಪ್ಪೆ ಮಾಡಿಕೊಂಡು ವಾಪಸು ಬಂದವರಲ್ಲಿ ಬಹಳ ಮಂದಿ ಬದುಕಿದರು.

ಇಲ್ಲಿ ನನ್ನ ವಾದಕ್ಕೇ ಏಟು ಬೀಳುವ ಒಂದು ವಿವರವಿದೆ, ಮುಚ್ಚಿಡುವುದು ಸರಿಯಲ್ಲ. ಗಾಳಿ-ಮಳೆ ತಡೆಯುವ ಜಾಕೆಟ್ಟು ಆ ಓಟದ ಕಡ್ಡಾಯ ಪಟ್ಟಿಯಲ್ಲಿ ಇರಲಿಲ್ಲ. ಹಲವರು ಬೆಚ್ಚನೆಯ ಬಟ್ಟೆಯನ್ನು ಚೀಲಕ್ಕೆ ಹಾಕಿ, ಸಂಜೆಗೆ ಸಿಗಲಿ ಎಂದು ಮುಂದೆ ದೂರದ ನಿಲ್ದಾಣಕ್ಕೆ ಕಳಿಸಿಬಿಟ್ಟಿದ್ದರು. ಅಂದರೆ ಆ ತಪ್ಪು ಆದದ್ದು ಬುದ್ಧಿ ಪೂರ್ತಿ ಸ್ವಾಧೀನದಲ್ಲಿದ್ದಾಗ, ಬೆಚ್ಚಗೆ, ಹೋಟೆಲಿನ ಕೋಣೆಯಲ್ಲಿ. ಚಳಿಯಲ್ಲಿರುವವನಿಗೆ ಯೋಚಿಸಲು ಆಗುವುದಿಲ್ಲ, ಬೆಚ್ಚಗಿರುವವನಿಗೆ ಚಳಿಯನ್ನು ಊಹಿಸಲು ಆಗುವುದಿಲ್ಲ. ಹೊಟ್ಟೆ ತುಂಬಿದವನು ದಾರಿಬುತ್ತಿಗೆ ಎರಡು ರೊಟ್ಟಿ ಸಾಕೆನ್ನುವ ಹಾಗೆ. ಆದ್ದರಿಂದ 'ಕೆಳಗಿದ್ದಾಗಲೇ ಸರಿಯಾಗಿ ನಿರ್ಧರಿಸು' ಎಂಬ ಬುದ್ಧಿವಾದವೂ ಅರ್ಧ ದಾರಿಗೆ ನಿಲ್ಲುತ್ತದೆ. ಒಬ್ಬನೇ ಮನುಷ್ಯನ ಎರಡೂ ಸ್ಥಿತಿಗಳು ಸೋತಲ್ಲಿ, ಮೂರನೆಯದೊಂದು ಬೇಕು: ಹಿಂದೆ ನೆನೆದವರ ಅನುಭವ ಗಟ್ಟಿಯಾಗಿ ನಿಂತ ನಿಯಮ, ಅದನ್ನು ಜಾರಿ ಮಾಡುವ ಇನ್ನೊಬ್ಬ.

ಬ್ರಿಟನ್ನಿನ ಗುಡ್ಡದೋಟಗಳಲ್ಲಿ ಶುರುವಿನ ಗೆರೆಯ ಬಳಿ ಚೀಲ ಬಿಚ್ಚಿಸಿ ನೋಡುವ ಪದ್ಧತಿಯಿದೆ: ಮಳೆಯಂಗಿ, ನಕಾಶೆ, ದಿಕ್ಸೂಚಿ, ಸೀಟಿ. ನಡುವೆ ಓಟ ಬಿಟ್ಟವನೂ ಗುರಿಯ ಬಳಿ ಬಂದು ಹೆಸರು ಹೇಳಿಯೇ ಹೋಗಬೇಕು, ಇಲ್ಲದಿದ್ದರೆ ಬೆಟ್ಟದಲ್ಲಿ ಅವನನ್ನು ಹುಡುಕಲು ಜನ ಹೊರಡಬೇಕಾಗುತ್ತದೆ. ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ ಪ್ರಸಿದ್ಧ ಓಟವನ್ನು 2010ರಲ್ಲಿ ಮಳೆಗೆ ಹೆದರಿ ನಡುವೆಯೇ ನಿಲ್ಲಿಸಿದರು, 2012ರಲ್ಲಿ ಹಿಮಕ್ಕೆ ಹೆದರಿ ದಾರಿಯನ್ನೇ ಮೊಟಕುಗೊಳಿಸಿದರು. ಹೆದರಿ ಎಂದು ಬೇಕೆಂದೇ ಬರೆದೆ. ಆ ಪದದಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಇದು ಸ್ವಾತಂತ್ರ್ಯಕ್ಕೆ ಬೇಲಿಯಲ್ಲವೇ ಎಂದರೆ, ಸ್ವಾತಂತ್ರ್ಯದ ದೊಡ್ಡ ವಕೀಲನನ್ನೇ ಕೇಳೋಣ. ಜಾನ್ ಸ್ಟುವರ್ಟ್ ಮಿಲ್ 1859ರ ತನ್ನ 'ಆನ್ ಲಿಬರ್ಟಿ'ಯಲ್ಲಿ ಒಂದು ಮುರುಕು ಸೇತುವೆಯ ಮಾತೆತ್ತುತ್ತಾನೆ. ಸೇತುವೆ ಕುಸಿಯುವುದು ಖಚಿತವಲ್ಲ, ಅಪಾಯವಷ್ಟೇ ಇದೆ ಎಂದಾದರೆ ದಾಟಹೊರಟವನನ್ನು ಎಚ್ಚರಿಸಬಹುದು, ತಡೆಯಬಾರದು ಎಂಬುದು ಅವನ ನಿಲುವು. ಆದರೆ ಕೂಡಲೇ ಒಂದು ವಿನಾಯಿತಿ ಸೇರಿಸುತ್ತಾನೆ: ದಾಟುವವನು ಮಗುವಾಗಿರಬಾರದು, ಸನ್ನಿ ಹಿಡಿದವನಾಗಿರಬಾರದು, ವಿವೇಚನೆ ಕೆಲಸ ಮಾಡದಂಥ ಆವೇಶದಲ್ಲೋ ಮಗ್ನತೆಯಲ್ಲೋ ಇರಬಾರದು. ಹಿಮದಲ್ಲಿ ನೆನೆದ ಓಟಗಾರನಿಗೆ ಈ ಕೊನೆಯ ಎರಡೂ ಒಟ್ಟಿಗೇ ಅನ್ವಯಿಸುತ್ತವೆ. ಮಿಲ್ ಅಂದು ಮುಳ್ಳಯ್ಯನಗಿರಿಯಲ್ಲಿದ್ದಿದ್ದರೆ ನನ್ನ ಇನ್ನೊಂದು ತೋಳು ಹಿಡಿಯುತ್ತಿದ್ದ.

ನಮ್ಮ ಕಡೆಯ ಅಡ್ಡಿ ಬೇರೆ. ತಿರುಗಿ ನೋಡದೆ ಮೇಲೇರುವವನ ಬಗ್ಗೆ ನಮಗೊಂದು ಹಳೆಯ ಭಕ್ತಿಯಿದೆ. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ಧರ್ಮರಾಯ ಹಿಂತಿರುಗದೆ ನಡೆದ, ಸ್ವರ್ಗದ ಬಾಗಿಲು ಕಂಡ. ಓಟದ ಭಾಷಣಗಳಲ್ಲಿ 'ಹಿಡಿದ ಕೆಲಸ ಬಿಡಬೇಡಿ' ಎನ್ನುವವರ ಹಿನ್ನೆಲೆಯಲ್ಲಿ ಈ ಚಿತ್ರ ಇದ್ದೇ ಇರುತ್ತದೆ. ಆದರೆ ಪಾಂಡವರು ವಾಪಸು ಬರಲೆಂದು ಹೊರಟವರಲ್ಲ, ರಾಜ್ಯವನ್ನು ಮೊಮ್ಮಗನಿಗೆ ವಹಿಸಿಯೇ ಹೊರಟವರು. ನಾನು ಕಾರಿನ ಕೀಲಿ ಜೇಬಿನಲ್ಲಿಟ್ಟುಕೊಂಡು, ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಟವನು. ಅಷ್ಟಕ್ಕೂ ಆ ಕತೆಯಲ್ಲಿ ಕೊನೆಯ ಪರೀಕ್ಷೆ ನಡೆದದ್ದು ಒಂದು ನಾಯಿಯನ್ನು ಬಿಟ್ಟುಬರಲು ಒಪ್ಪುತ್ತಾನೋ ಇಲ್ಲವೋ ಎಂಬುದರ ಮೇಲೆ.

ಇನ್ನೊಬ್ಬರ ಕೈಗೆ ತೀರ್ಮಾನ ಕೊಟ್ಟರೆ ನಷ್ಟವಿಲ್ಲ ಎಂದೇನಲ್ಲ. ನಿಲ್ಲಿಸಿದ ಓಟದ ಮೇಲೆ ಅರ್ಧ ಗಂಟೆಯಲ್ಲಿ ಬಿಸಿಲು ಬಿದ್ದದ್ದುಂಟು. ಅತಿಯಾಗಿ ಅಂಜಿದರೆ ತಪ್ಪಿಗೆ ಸಾಕ್ಷಿ ಆಕಾಶದಲ್ಲೇ ಸಿಗುತ್ತದೆ, ಸರಿಯಾಗಿ ಅಂಜಿದರೆ ಯಾವ ಸಾಕ್ಷಿಯೂ ಸಿಗುವುದಿಲ್ಲ. ನನ್ನ ಗೆಳೆಯನೊಡನೆ ನಾನು ಈಗಲೂ ಜಗಳವಾಡುತ್ತೇನೆ, ಅಂದು ತುದಿ ಮುಟ್ಟಿ ಇಳಿಯಬಹುದಿತ್ತು ಎಂದು. ಅವನ ಬಳಿ ಉತ್ತರವಿಲ್ಲ. ನಾನು ಎದುರಿಗೆ ಕುಳಿತು ಜಗಳವಾಡುತ್ತಿರುವುದನ್ನು ಅವನು ಪುರಾವೆ ಎಂದು ಮಂಡಿಸುವಂತಿಲ್ಲವಲ್ಲ.

ಗಾನ್ಸುವಿನ ಅದೇ ಬೆಟ್ಟದಲ್ಲಿ, ಅದೇ ಮಧ್ಯಾಹ್ನ, ಓಟಕ್ಕೆ ಸೇರದ ಒಬ್ಬ ಮನುಷ್ಯನಿದ್ದ. ಜು ಕೆಮಿಂಗ್, ಕುರಿ ಮೇಯಿಸುವವನು. ಗಾಳಿ ಜೋರಾದದ್ದೇ ತಡ ಅವನು ತನಗೆ ಗೊತ್ತಿದ್ದ ಗುಹೆಯೊಂದನ್ನು ಹೊಕ್ಕ. ಅವನಿಗೆ ಅದು ಸೋಲೂ ಅಲ್ಲ, ನಿರ್ಧಾರವೂ ಅಲ್ಲ. ನಮ್ಮ ಮಲೆನಾಡಿನ ರೈತ ಮಳೆಗಾಲದಲ್ಲಿ ಕಂಬಳಿಕೊಪ್ಪೆಯಿಲ್ಲದೆ ಗದ್ದೆಗೆ ಇಳಿಯದ ಹಾಗೆ ಮಾಮೂಲು. ಹೊರಗೆ ಕಾಲು ಸೆಟೆದು ನಿಂತಿದ್ದ ಓಟಗಾರನೊಬ್ಬ ಕಂಡಾಗ ಅವನನ್ನು ಒಳಗೆ ಕರೆತಂದ. ಆಮೇಲೆ ಇನ್ನಷ್ಟು ಜನ. ಒಟ್ಟು ಆರು ಜೀವ ಉಳಿಯಿತು. ಬೆಂಕಿ ಹಾಕಿದ, ಕೈಕಾಲು ಉಜ್ಜಿದ, ದುಪ್ಪಟಿ ಹೊದಿಸಿದ. ಆ ದುಪ್ಪಟಿಯೂ ಬಟ್ಟೆಯೂ ತಿನಿಸೂ ಅಂದು ತಂದದ್ದಲ್ಲ. ಎಂದಾದರೂ ಹವೆ ಕೆಟ್ಟರೆ ಬೇಕಾದೀತೆಂದು, ಹವೆ ನೆಟ್ಟಗಿದ್ದ ಯಾವುದೋ ದಿನ ಅವನು ಹೊತ್ತು ತಂದು ಗುಹೆಯೊಳಗೆ ಇಟ್ಟುಹೋಗಿದ್ದವು.